ತುರಿಕೆ ಎಲ್ಲಾ ಯೀಸ್ಟ್ ಅಲ್ಲ: ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿ

ಇವತ್ತಿನ ವಿಷಯ ಯೀಸ್ಟ್ ಸೋಂಕು. ಕಾರಿನಲ್ಲಿ ಮಕ್ಕಳು ಹಿಂದೆ ಕೂತಿದ್ದರೂ ದಯವಿಟ್ಟು ಆಫ್ ಮಾಡಬೇಡಿ, ಅವರಿಗೂ ಒಂದು ದಿನ ಬೇಕಾಗೋ ವಿಷಯವೇ.

ಪ್ರಶ್ನೆ ಬಂದಿರೋದು ಬೆಲ್‌ರೋಸ್‌ನಿಂದ. ನ್ಯೂಯಾರ್ಕ್‌ನ ಕ್ವೀನ್ಸ್‌ನ ಪೂರ್ವದ ಅಂಚು, ಹಿಲ್‌ಸೈಡ್ ಅವೆನ್ಯೂನಲ್ಲಿ ನಮ್ಮ ದಿನಸಿ ಅಂಗಡಿಗಳಿರುವ ಜಾಗ. ಅಲ್ಲಿನ ಕೇಳುಗರೊಬ್ಬರ ಮನೆಗೆ ಮೈಸೂರಿನಿಂದ ಅಮ್ಮ ಬಂದಿದ್ದಾರೆ. ವಯಸ್ಸು ಅರವತ್ತಾರು, ಸಕ್ಕರೆ ಕಾಯಿಲೆ ಇದೆ. ಕೆಳಗೆ ತುರಿಕೆ, ಉರಿ. ಮೂರು ವಾರ ಯಾರಿಗೂ ಹೇಳಿಲ್ಲ. 'ಉಷ್ಣ ಆಗಿದೆ' ಅಂತ ಬಾರ್ಲಿ ನೀರು, ಮಜ್ಜಿಗೆ ಕುಡಿದಿದ್ದಾರೆ. ಸ್ನಾನದ ನೀರಿಗೆ ಡೆಟ್ಟಾಲ್ ಹಾಕಿಕೊಂಡಿದ್ದಾರೆ. ಮಗಳು ಕೇಳ್ತಿದ್ದಾರೆ: ಫಾರ್ಮಸಿಯಿಂದ ಕ್ರೀಮ್ ತಂದು ಕೊಟ್ಟರೆ ಸಾಕಾ?

ಕ್ಯಾಂಡಿಡಾ ಅನ್ನೋ ಈ ಯೀಸ್ಟ್ ಆರೋಗ್ಯವಂತರ ಮೈಯಲ್ಲೂ ಸುಮ್ಮನೆ ಇರುತ್ತೆ. ಯೋನಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದಿನಲ್ಲಿಡುತ್ತವೆ. ಆಂಟಿಬಯೋಟಿಕ್ ತಗೊಂಡಾಗ, ಬಸುರಿಯಾದಾಗ, ಸಕ್ಕರೆ ಏರಿದಾಗ ಯೀಸ್ಟ್ ಮಿತಿಮೀರುತ್ತೆ. ತುರಿಕೆ, ಕೆಂಪು, ಒಡೆದ ಮೊಸರಿನ ಹಾಗೆ ಗಟ್ಟಿ ಬಿಳುಪು ಹೋಗೋದು ಇದರ ಲಕ್ಷಣ. ಕೆಟ್ಟ ವಾಸನೆ ಸಾಮಾನ್ಯವಾಗಿ ಇರಲ್ಲ. ತೆಳ್ಳಗೆ ಬೂದು ಬಣ್ಣದ್ದು ಹೋಗಿ ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ತೊಂದರೆ ಇರಬಹುದು, ಯೀಸ್ಟ್ ಕ್ರೀಮ್ ಅದಕ್ಕೆ ಕೆಲಸ ಮಾಡಲ್ಲ.

ಓದುವಾಗ ಸುಲಭ ಅನ್ಸುತ್ತೆ. ಆದರೆ 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತಮಗೆ ಯೀಸ್ಟ್ ಸೋಂಕೇ ಅಂತ ತಾವೇ ತೀರ್ಮಾನಿಸಿ ಕ್ರೀಮ್ ಕೊಳ್ಳೋಕೆ ಬಂದ 95 ಹೆಂಗಸರನ್ನು ಪರೀಕ್ಷಿಸಿದರು. ನಿಜವಾಗಿ ಬರೀ ಯೀಸ್ಟ್ ಇದ್ದದ್ದು ಸುಮಾರು ಮೂರನೇ ಒಂದು ಭಾಗದವರಿಗೆ!

ಈಗ ಅಮ್ಮನ ವಿಷಯ. ಮುಟ್ಟು ನಿಂತ ಮೇಲೆ ಯೀಸ್ಟ್ ಸೋಂಕು ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಆ ವಯಸ್ಸಿನಲ್ಲಿ ತುರಿಕೆ, ಉರಿಗೆ ಒಣಗುವಿಕೆ ಕಾರಣ ಇರಬಹುದು, ಚರ್ಮದ ಬೇರೆ ಕಾಯಿಲೆಯೂ ಇರಬಹುದು. ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಬೇರೆ. ಅದಕ್ಕೇ ಮಾತ್ರೆ ಡಬ್ಬಿ ನೋಡಿ ಅಂದಿದ್ದು. ಹೆಸರಿನ ಕೊನೆಯಲ್ಲಿ 'ಗ್ಲಿಫ್ಲೋಜಿನ್' ಇದೆಯಾ? ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರ. 2020ರಲ್ಲಿ ಭಾರತದಲ್ಲಿ ಡಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಅದು ಅಗ್ಗವಾಗಿ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಸಿಗ್ತಿದೆ. ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕೋದೇ ಇದರ ಕೆಲಸ. ಯೀಸ್ಟ್‌ಗೆ ಇನ್ನೇನು ಬೇಕು, ಹಬ್ಬದೂಟ! ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಹೃದಯ, ಮೂತ್ರಪಿಂಡಕ್ಕೂ ಅದನ್ನು ಕೊಡ್ತಾರೆ. ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿ, ಸಕ್ಕರೆ ಎಷ್ಟಿದೆ ಅಂತಲೂ ನೋಡಿ. ಈ ಮಾತ್ರೆ ತಗೊಳ್ಳುವವರಿಗೆ ಆ ಜಾಗದಲ್ಲಿ ಊತ, ನೋವು, ಜೊತೆಗೆ ಜ್ವರ ಬಂದರೆ ಎಮರ್ಜೆನ್ಸಿಗೆ ಹೋಗಿ. ಅಪರೂಪ, ಆದರೆ ಅಪಾಯ.

ಹಾಗಾದ್ರೆ ಕ್ರೀಮ್ ಯಾರಿಗೆ? ಹಿಂದೆ ಒಮ್ಮೆ ಪರೀಕ್ಷೆಯಲ್ಲಿ ಯೀಸ್ಟ್ ಅಂತ ಖಚಿತವಾಗಿ, ಈಗ ಅದೇ ಲಕ್ಷಣ ಮರಳಿ ಬಂದವರಿಗೆ. ಅಮೆರಿಕದಲ್ಲಿ ಕ್ಲೋಟ್ರಿಮಜೋಲ್, ಮೈಕೋನಜೋಲ್ ಚೀಟಿಯಿಲ್ಲದೆ ಸಿಗುತ್ತೆ. ಒಂದು ದಿನದ್ದು, ಮೂರು ದಿನದ್ದು, ಏಳು ದಿನದ್ದು ಅಂತ ಇದೆ. ಗುಣ ಹೆಚ್ಚುಕಮ್ಮಿ ಒಂದೇ. ತುರಿಕೆ ನಿಂತರೂ ಪೂರ್ತಿ ಮುಗಿಸಿ. ವಾರ್ಫರಿನ್ ಥರ ರಕ್ತ ತೆಳುಮಾಡೋ ಮಾತ್ರೆ ತಗೊಳ್ಳೋರು ಮೈಕೋನಜೋಲ್‌ಗೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಬಸುರಿಯರೂ ಅಷ್ಟೇ.

ಅಂದಹಾಗೆ, ನಿಸ್ಟಾಟಿನ್ ಅನ್ನೋ ಯೀಸ್ಟ್ ಔಷಧಿಯ ಹೆಸರಿನಲ್ಲೇ ನ್ಯೂಯಾರ್ಕ್ ರಾಜ್ಯ ಅಡಗಿದೆ. ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿ, ರೇಚಲ್ ಬ್ರೌನ್ ಆಲ್ಬನಿಯಲ್ಲಿ. ಇಬ್ಬರೂ ಜಾಡಿಗಳಲ್ಲಿ ಸ್ಯಾಂಪಲ್‌ಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾ, ವರ್ಜೀನಿಯಾದ ಒಂದು ತೋಟದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಇದನ್ನು ಹುಡುಕಿ, 1950ರಲ್ಲಿ ಪ್ರಕಟಿಸಿದರು. ರಾಯಲ್ಟಿಯಾಗಿ ಬಂದ 1.3 ಕೋಟಿ ಡಾಲರ್‌ಗೂ ಹೆಚ್ಚು ಹಣ ವಿಜ್ಞಾನ ಸಂಶೋಧನೆಗೆ ಹೋಯಿತು.

ಇನ್ನು ಮನೆಮದ್ದು. ಮೊಸರು ತಿನ್ನಿ, ಒಳಗೆ ಹಚ್ಚಬೇಡಿ. ಬೆಳ್ಳುಳ್ಳಿ, ವಿನೆಗರ್ ಕೂಡ ಬೇಡ. ಡೆಟ್ಟಾಲ್ ಇವತ್ತೇ ನಿಲ್ಲಿಸಿ. ಅದೇ ಉರಿ ಹೆಚ್ಚಿಸಬಹುದು. ಒಳಗೆ ತೊಳೆಯೋದು ಬೇಡ, ಹೊರಗೆ ಬರೀ ನೀರು ಸಾಕು. ಸಡಿಲವಾದ ಹತ್ತಿಯ ಒಳಉಡುಪು, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಇಷ್ಟರಿಂದ ತುರಿಕೆಯ ಕಾಟ ಸ್ವಲ್ಪ ತಗ್ಗುತ್ತೆ. ಸೂಟ್‌ಕೇಸಿನಲ್ಲಿ ಊರಿಂದ ತಂದ ಹುಳುಕಡ್ಡಿ ಟ್ಯೂಬ್ ಇದ್ದರೆ ಕ್ಲೋಬೆಟಾಸೋಲ್ ಇದೆಯಾ ನೋಡಿ. ಅದು ಜೋರಾದ ಸ್ಟೀರಾಯ್ಡ್. ಎರಡು ದಿನ ಹಾಯೆನಿಸಿ ಆಮೇಲೆ ಸೋಂಕನ್ನು ಹರಡಬಹುದು.

ಮೊದಲ ಸಲ ಆದವರು, ವರ್ಷಕ್ಕೆ ಮೂರು ಸಲವಾದರೂ ಆಗೋರು, ಹುಣ್ಣು, ಕಿಬ್ಬೊಟ್ಟೆ ನೋವು, ಜ್ವರ ಇರೋರು ಡಾಕ್ಟರ ಹತ್ತಿರ ಹೋಗಿ. ಬೆಲ್‌ರೋಸ್‌ನ ಅಮ್ಮನೂ ಹೋಗಬೇಕು. ಹೋಗುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೇ ಕೈಲಿ ಹಿಡಿದುಕೊಳ್ಳಿ; ನಮ್ಮೂರ ಬ್ರ್ಯಾಂಡ್ ಹೆಸರು ಇಲ್ಲಿನವರಿಗೆ ಗೊತ್ತಾಗಲ್ಲ, ಹಿಂದೆ ಸಣ್ಣಕ್ಷರದಲ್ಲಿರೋ ಔಷಧಿಯ ಹೆಸರು ಗೊತ್ತಾಗುತ್ತೆ.