ತರಬೇತಿ ಆಯಿತು, ಲಾಭ ಯಾರಿಗಾಯಿತು?



"ಸಿಸ್ಟರ್, ಫ್ಯಾಕ್ಟರೀಲಿ ಟ್ರೈನಿಂಗ್ ಕೊಟ್ರು, ಸರ್ಟಿಫಿಕೇಟೂ ಕೊಟ್ರು. ಸಂಬಳ ಮಾತ್ರ ಅಷ್ಟೇ ಇದೆ." ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಂದ ನಾವು ಈ ಮಾತು ಕೇಳಿದ್ದೇವೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕೆಲಸದಲ್ಲಿರುವವರ ತರಬೇತಿಗೆ ಸರ್ಕಾರವೂ ಹಣ ಕೊಡುತ್ತದೆ. ಕೇಂದ್ರ ಜವಳಿ ಸಚಿವಾಲಯದ 'ಸಮರ್ಥ್' ಯೋಜನೆಗೆ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಹೊಸಬರಿಗೆ ಕೆಲಸ ಕಲಿಸುವುದರ ಜೊತೆಗೆ, ಈಗಾಗಲೇ ದುಡಿಯುತ್ತಿರುವವರ ಕೌಶಲ ಹೆಚ್ಚಿಸುವುದೂ ಅದರಲ್ಲಿ ಸೇರಿದೆ. ಈ ದುಡ್ಡು ಎಲ್ಲಿಂದ ಬರುತ್ತದೆ? ನಾವು ಸೋಪು, ಎಣ್ಣೆ ಕೊಳ್ಳುವಾಗ ಕಟ್ಟುವ ತೆರಿಗೆಯೂ ಅದರಲ್ಲಿದೆ. ಹಾಗಾಗಿ ಲೆಕ್ಕ ಕೇಳುವ ಹಕ್ಕು ನಮಗಿದೆ.

ಎಣಿಸಿದರೆ ಸಾಲದು

ಇಷ್ಟು ಜನ ಬಂದರು, ಇಷ್ಟು ಜನ ಪಾಸಾದರು ಎಂಬುದು ಹಾಜರಿ ಪುಸ್ತಕದ ಲೆಕ್ಕ. ನಮ್ಮ ಸಂಘದಲ್ಲಿ ಎಷ್ಟು ಜನರಿಗೆ ಸಾಲ ಕೊಟ್ಟೆವು ಅಂತ ಬರೆದಿಟ್ಟರೆ ಸಾಕೇ? ಆ ಸಾಲದಿಂದ ತಂದ ಹಸು ಹಾಲು ಕೊಟ್ಟಿತೇ, ಕಂತು ಕಟ್ಟಿ ಮನೆಗೆ ಏನಾದರೂ ಉಳಿಯಿತೇ ಎಂದು ನೋಡುತ್ತೇವಲ್ಲ, ಇದೂ ಹಾಗೆಯೇ.

ತರಬೇತಿಯ ನಂತರ ಸಂಬಳ ಏರಿತು ಎಂದರೂ ತಕ್ಷಣ ನಂಬಬಾರದು. ನಮ್ಮ ರಾಜ್ಯದಲ್ಲಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಾಗ ತರಬೇತಿ ಇಲ್ಲದವರ ಕೂಲಿಯೂ ಏರುತ್ತದೆ. ಆದ್ದರಿಂದ ತರಬೇತಿ ಪಡೆದವರನ್ನು, ಪಡೆಯದ ಅವರಂಥವರೇ ಜೊತೆ ಹೋಲಿಸಬೇಕು. ಚುರುಕಾದವರನ್ನೇ ಆರಿಸಿ ಕಲಿಸಿದರೆ ಹೋಲಿಕೆ ಸರಿ ಬರುವುದಿಲ್ಲ.

ಬೆಂಗಳೂರಿನ ಒಂದು ಅಧ್ಯಯನ

2013ರಲ್ಲಿ ಬೆಂಗಳೂರಿನ ಐದು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಒಂದು ತರಬೇತಿ ಶುರುವಾಯಿತು. ಹೊಲಿಗೆಯದ್ದಲ್ಲ, ಮಾತುಕತೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇಂಥದ್ದು. ಇದು ಸರ್ಕಾರದ ಹಣದ್ದಲ್ಲ, ಆದರೂ ಅಳೆದ ಕ್ರಮ ನಮಗೆ ಪಾಠ. ಹೆಸರು ಕೊಟ್ಟ ಮಹಿಳೆಯರಲ್ಲಿ ಲಾಟರಿ ಎತ್ತಿ ಕೆಲವರಿಗೆ ಕಲಿಸಿದರು. ಚೀಟಿ ಬಾರದವರ ಜೊತೆ ಹೋಲಿಸಿದರು.

ಕಲಿತವರ ಕೆಲಸದ ಉತ್ಪಾದನೆ ಶೇಕಡಾ 10ಕ್ಕಿಂತ ಹೆಚ್ಚು ಏರಿತು. ಸಂಬಳ ಏರಿದ್ದು ಶೇಕಡಾ ಅರ್ಧದಷ್ಟು ಮಾತ್ರ! ಕಂಪನಿಗೆ ಖರ್ಚಿನ ಎಷ್ಟೋ ಪಟ್ಟು ವಾಪಸ್ ಬಂತು. ತರಬೇತಿ ಫಲ ಕೊಟ್ಟಿತು ನಿಜ, ಆದರೆ ಫಲದ ಹೆಚ್ಚಿನ ಪಾಲು ಕಲಿತವಳ ಮನೆಗೆ ಬರಲಿಲ್ಲ.

ಇಲ್ಲೇ ಸಾರ್ವಜನಿಕ ಹಣದ ಪ್ರಶ್ನೆ ಬರುವುದು. ಕಲಿಸಿದವರು ಬೇರೆ ಕಡೆ ಹೋಗುತ್ತಾರೆಂಬ ಭಯದಿಂದ ಮಾಲೀಕರು ತರಬೇತಿಗೆ ಹಿಂಜರಿಯುವುದುಂಟು. ಆಗ ಸರ್ಕಾರದ ನೆರವಿಗೆ ಅರ್ಥವಿದೆ. ಆದರೆ ಮಾಲೀಕರು ತಾವೇ ಕೊಡುತ್ತಿದ್ದ ತರಬೇತಿಗೆ ಸರ್ಕಾರ ದುಡ್ಡು ಕಟ್ಟಿದರೆ, ಅದು ಹರಿಯುವ ನೀರಿಗೆ ಬಿಂದಿಗೆ ನೀರು ಸುರಿದಂತೆ.

ಸಂಘದ ಸಭೆಯಲ್ಲಿ ಕೇಳೋಣ

1. ತರಬೇತಿಯ ಹೊತ್ತಿನಲ್ಲಿ ಕೂಲಿ ಕೊಟ್ಟರೇ?
2. ಕಲಿತದ್ದು ಆರು ತಿಂಗಳ ನಂತರವೂ ಕೆಲಸಕ್ಕೆ ಬರುತ್ತಿದೆಯೇ?
3. ಸಂಬಳ, ಹುದ್ದೆ ಏರಿತೇ? ಕಲಿಯದವರಿಗಿಂತ ಎಷ್ಟು ಹೆಚ್ಚು?
4. ಟಾರ್ಗೆಟ್ ಮಾತ್ರ ಏರಿತೇ?
5. ಸರ್ಟಿಫಿಕೇಟನ್ನು ಬೇರೆ ಕಾರ್ಖಾನೆ ಒಪ್ಪುತ್ತದೆಯೇ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಒಬ್ಬಳು ಹೇಳಿದರೆ ದೂರು, ಇಪ್ಪತ್ತು ಜನರದ್ದು ದಾಖಲೆ. ಒಕ್ಕೂಟದ ಸಭೆಗೆ ಅದನ್ನು ತನ್ನಿ, ನಾವೂ ಜೊತೆಗಿರುತ್ತೇವೆ.