ಶಾಖವೆಲ್ಲವೂ ವಿದ್ಯುತ್ತಾಗದು ಏಕೆ?

ಸೊಲ್ಲಾಪುರ ಜಿಲ್ಲೆಯ ಎನ್‌ಟಿಪಿಸಿ ಉಷ್ಣವಿದ್ಯುತ್ ಸ್ಥಾವರದಲ್ಲಿ ತಲಾ 660 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಅವುಗಳಿಗೆ ನೀರು ಭೀಮಾ ನದಿಯ ಉಜನಿ ಜಲಾಶಯದಿಂದ ಬರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಪರದಾಡುವ ಈ ಸೀಮೆಯಲ್ಲಿ, ಕಲ್ಲಿದ್ದಲು ಸುಡುವ ಯಂತ್ರಕ್ಕೆ ಇಷ್ಟೊಂದು ನೀರೇಕೆ ಎಂಬ ಪ್ರಶ್ನೆ ಸಹಜವಾದದ್ದು. ಅದರ ಉತ್ತರ ಶಾಖಯಂತ್ರದ ಸ್ವಭಾವದಲ್ಲಿಯೇ ಅಡಗಿದೆ.

ಶಾಖವು ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಹರಿಯುವಾಗ ಅದರ ಒಂದು ಪಾಲನ್ನು ಮಾತ್ರ ನಾವು ಕೆಲಸವಾಗಿ ಪಡೆಯಬಲ್ಲೆವು. ಉಳಿದದ್ದನ್ನು ತಂಪಿನ ಕಡೆಗೆ ಬಿಟ್ಟುಕೊಡಲೇಬೇಕು. ಈ ಮಿತಿಯು ಎರಡು ತಾಪಮಾನಗಳನ್ನು ಮಾತ್ರ ಅವಲಂಬಿಸಿದೆ ಎಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ತೋರಿಸಿದನು. ಹಬೆ 540 ಡಿಗ್ರಿ ಸೆಲ್ಸಿಯಸ್, ತಂಪಿನ ಬದಿ 40 ಡಿಗ್ರಿ ಇದ್ದರೆ, ಆದರ್ಶ ಯಂತ್ರವೂ ಶೇ. 61ರಷ್ಟನ್ನೇ ಕೆಲಸವಾಗಿಸೀತು. ವಾಸ್ತವದ ಕಲ್ಲಿದ್ದಲು ಸ್ಥಾವರಗಳಲ್ಲಿ ದಕ್ಕುವುದು ಶೇ. 40ರ ಆಸುಪಾಸು. ಉಳಿದ ಶಾಖದ ಬಹುಭಾಗವನ್ನು ತಂಪುನೀರು ಹೊತ್ತೊಯ್ಯುತ್ತದೆ. ಆ ನೀರಿನ ಒಂದಂಶ ಶೀತಲೀಕರಣ ಗೋಪುರದಲ್ಲಿ ಆವಿಯಾಗುತ್ತದೆ. ಗೋಪುರದ ನೆತ್ತಿಯಲ್ಲಿ ಕಾಣುವ ಬಿಳಿಮೋಡ ಹೊಗೆಯಲ್ಲ, ನೀರು.

ಹಾಗಾದರೆ ಈ ಶಾಖವನ್ನು ಉಷ್ಣವಿದ್ಯುತ್ ಜೋಡಿಗಳಿಂದ ಹಿಡಿಯಲಾಗದೇ? ಎರಡು ಭಿನ್ನ ಲೋಹಗಳ ಬೆಸುಗೆಗಳನ್ನು ಒಂದೆಡೆ ಬಿಸಿ, ಇನ್ನೊಂದೆಡೆ ತಂಪಾಗಿರಿಸಿದರೆ ವಿದ್ಯುತ್ ಹರಿಯುತ್ತದೆ. 1821ರಲ್ಲಿ ಸೀಬೆಕ್ ಗಮನಿಸಿದ ಪರಿಣಾಮವಿದು. ವಿದ್ಯುತ್ ಹರಿಸಿದರೆ ಒಂದು ಬೆಸುಗೆ ತಂಪಾಗುವ ಪ್ರತಿಕ್ರಿಯೆಯನ್ನು 1834ರಲ್ಲಿ ಪೆಲ್ಟಿಯೆ ಕಂಡನು; ಇಂದಿನ ಕೆಲವು ಪುಟ್ಟ ಶೀತಕ ಪೆಟ್ಟಿಗೆಗಳು ನಡೆಯುವುದು ಹೀಗೆಯೇ. ಚಲಿಸುವ ಭಾಗಗಳಿಲ್ಲದ ಕಾರಣ ಇಂತಹ ಸಾಧನ ದಶಕಗಳ ಕಾಲ ಬಾಳುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಪಡೆದದ್ದು ಇದರಿಂದಲೇ. ಆದರೆ ಅಲ್ಲಿಯೂ ವಿದ್ಯುತ್ತಾದದ್ದು ಶಾಖದ ಶೇ. 7ರಷ್ಟು ಮಾತ್ರ.

ಕಾರ್ನೋನ ಮಿತಿ ಈ ಸಾಧನಕ್ಕೂ ಅನ್ವಯಿಸುತ್ತದೆ. ಗೋಪುರಕ್ಕೆ ಬರುವ ನೀರು 45 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಎಂದುಕೊಂಡರೆ ಆದರ್ಶ ಮಿತಿಯೇ ಶೇ. 5ಕ್ಕಿಂತ ಕಡಿಮೆ. ಸಾಧನ ಕೊಡುವುದು ಅದರಲ್ಲೊಂದು ಚೂರು, ವೆಚ್ಚವಂತೂ ಅಪಾರ.

ಆದ್ದರಿಂದ ನೀರನ್ನುಳಿಸುವ ದಾರಿಗಳು ಬೇರೆ. ಗಾಳಿಯಿಂದಲೇ ಹಬೆಯನ್ನು ತಂಪುಗೊಳಿಸಬಹುದು. ಅದಕ್ಕೆ ವೆಚ್ಚ ಹೆಚ್ಚು, ದಕ್ಷತೆ ತುಸು ಕಡಿಮೆ. ಶುದ್ಧೀಕರಿಸಿದ ಚರಂಡಿ ನೀರನ್ನೂ ಬಳಸಬಹುದು. ಶುದ್ಧೀಕರಣ ಘಟಕದಿಂದ 50 ಕಿಲೋಮೀಟರ್ ಒಳಗಿನ ಉಷ್ಣಸ್ಥಾವರಗಳು ಹಾಗೆ ಮಾಡಬೇಕೆಂದು ಕೇಂದ್ರದ 2016ರ ವಿದ್ಯುತ್ ದರ ನೀತಿ ಹೇಳುತ್ತದೆ. ಭೀಮೆಯ ನೀರನ್ನು ನೆಚ್ಚಿದ ಗಡಿಯ ಎರಡೂ ಬದಿಯ ನಾವು ಕೇಳಬೇಕಾದದ್ದು, ಈ ದಾರಿಗಳಲ್ಲಿ ಎಷ್ಟನ್ನು ಕೈಗೊಳ್ಳಲಾಗಿದೆ ಎಂಬುದನ್ನು.