ಕಾರ್ಡ್ ಕೊಳ್ಳುವ ಮುನ್ನ ಚಿಪ್ ನೋಡಿ

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವರಲ್ಲಿ ಹಲವರು ಎಡವುವುದು ಒಂದೇ ಕಡೆ. ಪರದೆ ಸರಿಯಾಗಿ ಬರುತ್ತದೆ, ಹಾಡು ಕೇಳಿಸುತ್ತದೆ, ಕೀಲಿಮಣೆಯಲ್ಲಿ ಕನ್ನಡವೂ ಮೂಡುತ್ತದೆ. ವೈಫೈ ಮಾತ್ರ ಇಲ್ಲ. ಬೇಕಾದ ಡ್ರೈವರ್ ಇಂಟರ್‌ನೆಟ್‌ನಲ್ಲಿದೆ, ಇಂಟರ್‌ನೆಟ್‌ಗೆ ಹೋಗಲು ಅದೇ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಪರಿಸ್ಥಿತಿ.

ತಕ್ಷಣದ ದಾರಿ ಸುಲಭ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ, ಹೆಚ್ಚಿನ ಲಿನಕ್ಸ್‌ಗಳು ಅದನ್ನು ನೆಟ್‌ವರ್ಕ್ ಎಂದೇ ಗುರುತಿಸಿ ಕೆಲಸ ಶುರು ಮಾಡುತ್ತವೆ. ಆದರೆ ತೊಂದರೆಯ ಬೇರು ಇರುವುದು ಲ್ಯಾಪ್‌ಟಾಪ್‌ನೊಳಗಿನ ಪುಟ್ಟ ವೈಫೈ ಕಾರ್ಡ್‌ನಲ್ಲಿ.

ಈ ಕಾರ್ಡ್ ನಡೆಯಲು ಸಾಮಾನ್ಯವಾಗಿ ಎರಡು ತಂತ್ರಾಂಶ ಬೇಕು. ಒಂದು ಡ್ರೈವರ್, ಅದು ಲಿನಕ್ಸ್ ಕರ್ನಲ್‌ನ ಭಾಗವಾಗಿ ಕಂಪ್ಯೂಟರ್‌ನ ಪ್ರೊಸೆಸರ್ ಮೇಲೆ ಓಡುತ್ತದೆ. ಇನ್ನೊಂದು ಫರ್ಮ್‌ವೇರ್, ಅದು ಕಾರ್ಡ್‌ನೊಳಗಿನ ಚಿಪ್ ಮೇಲೆಯೇ ಓಡುತ್ತದೆ. ಪ್ರತಿ ಸಲ ಯಂತ್ರ ಶುರುವಾದಾಗ ಡ್ರೈವರ್ ಈ ಫರ್ಮ್‌ವೇರ್ ಕಡತವನ್ನು ಡಿಸ್ಕ್‌ನಿಂದ ಎತ್ತಿ ಕಾರ್ಡ್‌ಗೆ ತುಂಬುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ವೈಫೈ ಇಲ್ಲ. ಫರ್ಮ್‌ವೇರ್‌ನ ಮೂಲ ಸಂಕೇತವನ್ನು ಕಂಪನಿಗಳು ಬಹುತೇಕ ಬಿಟ್ಟುಕೊಡುವುದಿಲ್ಲ. ಹಾಗಾಗಿ ಮುಕ್ತ ತಂತ್ರಾಂಶದ ವಿಷಯದಲ್ಲಿ ಕಟ್ಟುನಿಟ್ಟಾದ ಡೆಬಿಯನ್, ಇಂಥ ಕಡತಗಳನ್ನು ತನ್ನ ಮುಖ್ಯ ಇನ್‌ಸ್ಟಾಲರ್‌ನಿಂದ ಬಹುಕಾಲ ಹೊರಗಿಟ್ಟಿತ್ತು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ಈ ನಿಲುವನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಇರುತ್ತದೆ.

ಡ್ರೈವರ್‌ಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಬೆವರು ಹರಿದಿರುವುದು ಬ್ರಾಡ್‌ಕಾಮ್ ಚಿಪ್‌ಗಳಿಗಾಗಿ. ಕಂಪನಿ ವಿವರ ಕೊಡದಿದ್ದಾಗ ಸ್ವಯಂಸೇವಕರು ಎರಡು ತಂಡಗಳಾದರು. ಒಂದು ತಂಡ ಕಂಪನಿಯ ಡ್ರೈವರ್ ಬಿಡಿಸಿ ನೋಡಿ ಚಿಪ್ ನಡೆಯುವ ರೀತಿಯನ್ನು ಬರೆದಿಟ್ಟಿತು. ಇನ್ನೊಂದು ತಂಡ ಆ ಬರಹವನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. 2006ರಲ್ಲಿ ಅದು ಕರ್ನಲ್ ಸೇರಿತು. ಆಗಲೂ ಫರ್ಮ್‌ವೇರನ್ನು ಕಂಪನಿಯ ಡ್ರೈವರ್ ಕಡತದಿಂದ ಕತ್ತರಿಸಿ ತೆಗೆಯಬೇಕಿತ್ತು. 2010ರಲ್ಲಿ ಬ್ರಾಡ್‌ಕಾಮ್ ತಾನೇ ಒಂದು ಮುಕ್ತ ಡ್ರೈವರ್ ಕೊಟ್ಟರೂ ಎಲ್ಲ ಚಿಪ್‌ಗಳಿಗೂ ಅದು ಅನ್ವಯಿಸಲಿಲ್ಲ. 2013ರ ಮ್ಯಾಕ್‌ಬುಕ್ ಏರ್‌ನಲ್ಲಿರುವ ಬಿಸಿಎಂ4360 ಚಿಪ್‌ಗೆ ‘ಡಬ್ಲ್ಯುಎಲ್’ ಎಂಬ ಮುಚ್ಚಿದ ಡ್ರೈವರನ್ನೇ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

ಅಥೆರಾಸ್ ಬೇರೆ ಹಾದಿ ಹಿಡಿಯಿತು. 2008ರಲ್ಲಿ ಅದು ಪ್ರಕಟಿಸಿದ ‘ಎಟಿಎಚ್9ಕೆ’ ಡ್ರೈವರ್ ಪೂರ್ತಿ ಮುಕ್ತ. ಲ್ಯಾಪ್‌ಟಾಪ್‌ನೊಳಗೆ ಕೂರುವ ಅದರ ಕಾರ್ಡ್‌ಗಳಿಗೆ ಪ್ರತ್ಯೇಕ ಫರ್ಮ್‌ವೇರ್ ಕಡತವೂ ಬೇಡ. ಇಂಟೆಲ್‌ನ ‘ಐಡಬ್ಲ್ಯುಎಲ್‌ವೈಫೈ’ ಡ್ರೈವರನ್ನು ಕಂಪನಿಯ ಎಂಜಿನಿಯರ್‌ಗಳೇ ಕರ್ನಲ್‌ನೊಳಗೆ ನೋಡಿಕೊಳ್ಳುತ್ತಾರೆ. ಮೀಡಿಯಾಟೆಕ್ ಮತ್ತು ರಿಯಲ್‌ಟೆಕ್ ಚಿಪ್‌ಗಳ ಸ್ಥಿತಿಯೂ ಈಚೆಗೆ ಬಹಳ ಸುಧಾರಿಸಿದೆ. ರಿಯಲ್‌ಟೆಕ್‌ನ ‘ಆರ್‌ಟಿಡಬ್ಲ್ಯು88’ 2019ರಲ್ಲಿ ಕರ್ನಲ್ ಸೇರಿತು.

ನಿಮ್ಮ ಯಂತ್ರದಲ್ಲಿರುವುದು ಯಾವುದು ಎಂದು ತಿಳಿಯಲು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶವನ್ನು ‘ಎನ್‌ಎನ್‌ಕೆ’ ಆಯ್ಕೆಯೊಂದಿಗೆ ಕೊಟ್ಟರೆ ಸಾಕು. ನೆಟ್‌ವರ್ಕ್ ಕಾರ್ಡ್‌ನ ಸಾಲಿನ ಕೊನೆಯಲ್ಲಿ ಚೌಕ ಕಂಸದೊಳಗೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ತಯಾರಕರದ್ದು, ಇಂಟೆಲ್ ಆದರೆ 8086, ಅದರ 1978ರ ಹೆಸರಾಂತ ಪ್ರೊಸೆಸರ್‌ನ ಸಂಖ್ಯೆಯೇ. ಎರಡನೆಯದು ಚಿಪ್‌ನದು. ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರಿರುತ್ತದೆ. ಆ ಸಾಲೇ ಇಲ್ಲದಿದ್ದರೆ ಕಾರ್ಡ್‌ಗೆ ಡ್ರೈವರ್ ಸಿಕ್ಕಿಲ್ಲ ಎಂದರ್ಥ.

ಕಾರ್ಡನ್ನೇ ಬದಲಾಯಿಸುವುದು ಕೆಲವೊಮ್ಮೆ ಒಳ್ಳೆಯ ದಾರಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದು 22 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ‘ಎಂ.2’ ಕಾರ್ಡ್. ಒಂದು ಸ್ಕ್ರೂ ಬಿಚ್ಚಿ, ಆಂಟೆನಾದ ಎರಡು ತೆಳು ತಂತಿಗಳನ್ನು ನೇರ ಮೇಲಕ್ಕೆ ಎತ್ತಿದರೆ ಕಾರ್ಡ್ ಕೈಗೆ ಬರುತ್ತದೆ. ತಂತಿಯ ತುದಿಯಲ್ಲಿರುವ ಲೋಹದ ಬಿಲ್ಲೆ ಸಾಸಿವೆ ಕಾಳಿನಷ್ಟಿರುತ್ತದೆ. ಓರೆಯಾಗಿ ಒತ್ತಿದರೆ ಸೊಟ್ಟಗಾಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಚಿಪ್ಪನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ, ಅಲ್ಲಿ ಈ ದಾರಿಯಿಲ್ಲ.

ಕೊಳ್ಳುವಾಗ ಒಂದೇ ಅಂಕಿ ಮೋಸ ಮಾಡಬಹುದು. ಇಂಟೆಲ್‌ನ ಎಎಕ್ಸ್210 ಮತ್ತು ಎಎಕ್ಸ್211 ಕಾರ್ಡ್‌ಗಳ ಆಕಾರ ಒಂದೇ. ಮೊದಲನೆಯದರಲ್ಲಿ ಪೂರ್ತಿ ವೈಫೈ ಕಾರ್ಡ್ ಮೇಲೆಯೇ ಇದೆ, ಎಎಮ್‌ಡಿ ಪ್ರೊಸೆಸರ್‌ನ ಯಂತ್ರದಲ್ಲೂ ನಡೆಯುತ್ತದೆ. ಎರಡನೆಯದರಲ್ಲಿ ವೈಫೈನ ಅರ್ಧ ಭಾಗ ಇಂಟೆಲ್‌ನ ಮುಖ್ಯ ಚಿಪ್‌ಸೆಟ್‌ನೊಳಗಿರುತ್ತದೆ. ಅದಕ್ಕೆ ಹೊಂದುವ ಇಂಟೆಲ್ ಯಂತ್ರ ಬಿಟ್ಟು ಬೇರೆಡೆ ಅದು ಜೀವ ತಳೆಯದು. ಎಎಕ್ಸ್210ಕ್ಕೂ ಕರ್ನಲ್ 5.10 ಅಥವಾ ಅದಕ್ಕಿಂತ ಹೊಸದು ಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೊಂದು ಸಂಗತಿ ನೆನಪಿಡಬೇಕು. 2012ರ ಥಿಂಕ್‌ಪ್ಯಾಡ್ ಟಿ430ಯಂಥ ಯಂತ್ರಗಳ ಬಯೋಸ್‌ನಲ್ಲಿ ಒಪ್ಪಿತ ಕಾರ್ಡ್‌ಗಳ ಪಟ್ಟಿಯೇ ಇದೆ. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ 1802 ಎಂಬ ದೋಷಸಂಖ್ಯೆ ತೋರಿಸಿ ಯಂತ್ರ ಅಲ್ಲೇ ನಿಲ್ಲುತ್ತದೆ, ಲಿನಕ್ಸ್‌ವರೆಗೆ ಬರುವುದೇ ಇಲ್ಲ.

ಲ್ಯಾಪ್‌ಟಾಪ್ ಬಿಚ್ಚಲು ಹಿಂಜರಿಯುವವರಿಗೆ ಯುಎಸ್‌ಬಿ ಡಾಂಗಲ್ ಇದೆ. ಅಲ್ಲೂ ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನಂಬುವಂತಿಲ್ಲ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಇದಕ್ಕೆ ಸಾಕ್ಷಿ. ಅದರ ಮೊದಲ ಆವೃತ್ತಿಯಲ್ಲಿ ಲಿನಕ್ಸ್ ಬಳಕೆದಾರರು ಮೆಚ್ಚಿದ ಅಥೆರಾಸ್ ಎಆರ್9271 ಚಿಪ್ ಇತ್ತು. ಎರಡನೆಯ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ ಬಂತು; ಮಾದರಿಯ ಹೆಸರು ಹಾಗೆಯೇ ಉಳಿಯಿತು. ಹೆಸರು ನೋಡಿ ತಂದವರಿಗೆ ಸಿಕ್ಕಿದ್ದು ಬೇರೆಯದೇ ಸಾಧನ.

‘ಲಿನಕ್ಸ್‌ಗೆ ಹೊಂದುತ್ತದೆ’ ಎಂದು ಬರೆದಿದ್ದರೂ ಡ್ರೈವರ್ ಎಲ್ಲಿದೆ ಎಂದು ಕೇಳಬೇಕು. ಕರ್ನಲ್‌ನೊಳಗಿನ ಡ್ರೈವರ್ ಕರ್ನಲ್ ಜೊತೆಗೇ ಬೆಳೆಯುತ್ತದೆ. ಹೊರಗಿನದನ್ನು ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಂಪೈಲ್ ಮಾಡಬೇಕು. ‘ಡಿಕೆಎಂಎಸ್’ ಎಂಬ ಸಲಕರಣೆ ಆ ಕೆಲಸವನ್ನು ತಾನಾಗಿ ಮಾಡುತ್ತದೆ, ಆದರೆ ಡ್ರೈವರ್ ಬರೆದವರು ಕೈಬಿಟ್ಟರೆ ಅದೂ ಸೋಲುತ್ತದೆ. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಅಂಥ ಡ್ರೈವರ್‌ಗೆ ಸಹಿ ಹಾಕಿ, ಆ ಸಹಿಯ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸುವ ಕೆಲಸವೂ ಸೇರುತ್ತದೆ. ನಿತ್ಯ ಬಳಕೆಯ ಯಂತ್ರಕ್ಕೆ ಕರ್ನಲ್‌ನೊಳಗಿನ ಡ್ರೈವರ್ ಇರುವ ಚಿಪ್ಪೇ ಸರಿಯಾದ ಆಯ್ಕೆ, ಅದಕ್ಕಾಗಿ ನಾಲ್ಕು ಕಾಸು ಹೆಚ್ಚಾದರೂ ಸರಿ.

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಉಬುಂಟು ಅಥವಾ ಮಿಂಟ್ ತುಂಬಿದ ಲೈವ್ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ಬೂಟ್ ಮಾಡಿ, ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ವೈಫೈ ಬಂದರೆ ಮಾತ್ರ ಹಣ ಕೊಡಿ.